ಟೀವಿಯಲ್ಲಿ ಕಂಡ ಬಾಬಾಸಾಹೇಬರ ಕೋಟು

ಮಾರ್ಚ್ ಮುಗಿಯುತ್ತ ಬಂತೆಂದರೆ ನಮ್ಮ ಕಡೆ ಟೇಲರ್‌ಗಳಿಗೆ ಪುರುಸೊತ್ತು ಇರುವುದಿಲ್ಲ. ಒಂದು ಕಡೆ ಲಗ್ನದ ಅರಿವೆ, ಇನ್ನೊಂದು ಕಡೆ ಯುಗಾದಿ ಬಾಕಿ. ಮಷೀನಿನ ಮೇಲೆ ಒಂದು ಗಂಟು, ಕೆಳಗೆ ಎರಡು ಗಂಟು. ಅದರ ನಡುವೆಯೇ ಯಾರೋ ಒಬ್ಬ ತಂದೆ ಮಗನ ಕೈ ಹಿಡಿದು ಅಂಗಡಿ ಮೆಟ್ಟಿಲು ಹತ್ತುತ್ತಾನೆ. ಮೊಬೈಲ್ ತೆಗೆದು ಒಂದು ಚಿತ್ರ ತೋರಿಸುತ್ತಾನೆ. ಕೇಳುವುದು ಇಷ್ಟೇ: ಟೀವ್ಯಾಗ ಬಾಬಾಸಾಹೇಬ್ರು ಹಾಕ್ಕೊಂಡಾರಲ್ಲ, ಅಂಥಾದ್ದ ಕೋಟ್ ಹೊಲದ ಕೊಡ್ರಿ. ಹದಿನಾಲ್ಕಕ್ಕ ಬೇಕ್ರಿ.

ಹದಿನಾಲ್ಕು ಅಂದರೆ ಏಪ್ರಿಲ್ 14, ಅಂಬೇಡ್ಕರ್ ಜಯಂತಿ. ಅಂದು ಮೆರವಣಿಗೆಯಲ್ಲಿ, ಶಾಲೆಯ ವೇದಿಕೆಯಲ್ಲಿ ಪುಟ್ಟ ಪುಟ್ಟ ಅಂಬೇಡ್ಕರರು ಕಾಣಿಸುತ್ತಾರೆ. ನೀಲಿ ಕೋಟು, ಕೆಂಪು ಟೈ, ದುಂಡು ಕನ್ನಡಕ, ಜೇಬಿನಲ್ಲಿ ಪೆನ್ನು, ಕಂಕುಳಲ್ಲಿ ದಪ್ಪ ಪುಸ್ತಕ. ಬೆವರು ಸುರಿಯುತ್ತಿದ್ದರೂ ಗುಂಡಿ ಬಿಚ್ಚುವುದಿಲ್ಲ. ನೋಡಿದವರು ನಗುತ್ತಾರೆ, ಫೋಟೋ ಹೊಡೆಯುತ್ತಾರೆ, ಮುಂದೆ ಹೋಗುತ್ತಾರೆ.

ಆದರೆ ಈ ಕೋಟು ಬರೀ ವೇಷದ ಅರಿವೆಯೇ? ಹೌದು ಅನ್ನುವವರು ಸ್ವಲ್ಪ ತಡೆದು ಓದಬೇಕು.

ಟೀವಿಯಿಂದ ಬಂದ ಗಿರಾಕಿ

ಗಡಿ ಭಾಗದ ಮನೆಗಳಲ್ಲಿ ಟೀವಿ ಎರಡು ಭಾಷೆ ಮಾತಾಡುತ್ತದೆ. ನಿಪ್ಪಾಣಿಯಲ್ಲಿ ಒಂದು ಗುಂಡಿ ಒತ್ತಿದರೆ ಮರಾಠಿ, ಇನ್ನೊಂದು ಒತ್ತಿದರೆ ಕನ್ನಡ. 2019ರಲ್ಲಿ ಸ್ಟಾರ್ ಪ್ರವಾಹ್ ವಾಹಿನಿ ಬಾಬಾಸಾಹೇಬರ ಜೀವನವನ್ನು ಮರಾಠಿಯಲ್ಲಿ ಧಾರಾವಾಹಿ ಮಾಡಿತು. ಸಾಗರ್ ದೇಶಮುಖ್ ಅಂಬೇಡ್ಕರರಾದರು. ಅದೇ ವರ್ಷದ ಡಿಸೆಂಬರಿನಲ್ಲಿ ಹಿಂದಿಯ ಆಂಡ್ ಟೀವಿಯಲ್ಲಿ ಇನ್ನೊಂದು ಧಾರಾವಾಹಿ ಶುರುವಾಯಿತು. ಅದರ ಕನ್ನಡ ರೂಪವೇ ‘ಮಹಾನಾಯಕ’. 2020ರ ಜುಲೈನಿಂದ ಜೀ ಕನ್ನಡದಲ್ಲಿ ಬಂತು.

ಆಗ ಕೊರೊನಾ ಕಾಲ. ಶಾಲೆಗಳು ಬಾಗಿಲು ಹಾಕಿದ್ದವು, ಹುಡುಗರೆಲ್ಲ ಮನೆಯಲ್ಲೇ. ಪುಟ್ಟ ಭೀಮನ ಕಥೆ ಮನೆ ಮನೆ ಮುಟ್ಟಿತು. ರಾಜ್ಯದ ಊರೂರುಗಳಲ್ಲಿ ಧಾರಾವಾಹಿಗೆ ಸ್ವಾಗತ ಕೋರಿ ದೊಡ್ಡ ದೊಡ್ಡ ಫ್ಲೆಕ್ಸ್ ಬೋರ್ಡು ಎದ್ದವು. ಸಿನಿಮಾ ನಟರಿಗೆ ಬೋರ್ಡು ಕಟ್ಟುವುದು ಗೊತ್ತು. ಒಂದು ಡಬ್ಬಿಂಗ್ ಧಾರಾವಾಹಿಗೆ ಊರವರು ಪಟ್ಟಿ ಎತ್ತಿ ಬೋರ್ಡು ಕಟ್ಟಿದ್ದು ಹೊಸದು. ಪ್ರಸಾರ ನಿಲ್ಲಿಸಿ ಎಂದು ಬೆದರಿಕೆ ಕರೆಗಳು ಬರುತ್ತಿವೆ ಎಂದು ವಾಹಿನಿಯ ಮುಖ್ಯಸ್ಥರೇ ಬಹಿರಂಗವಾಗಿ ಹೇಳಿದರು. ಧಾರಾವಾಹಿ ಮಾತ್ರ ನಿಲ್ಲಲಿಲ್ಲ.

ಅದಕ್ಕೂ ಮೊದಲು ಜನ ಬಾಬಾಸಾಹೇಬರನ್ನು ಕಂಡಿದ್ದು ಪುತ್ಥಳಿಯಲ್ಲಿ, ಕ್ಯಾಲೆಂಡರಿನಲ್ಲಿ. ಪುತ್ಥಳಿಯ ಕೋಟು ಸಿಮೆಂಟಿನದು. ಅದಕ್ಕೆ ಮಡಿಕೆ ಇಲ್ಲ, ಹೊಲಿಗೆ ಇಲ್ಲ. ಟೀವಿಯ ಕೋಟು ಹಾಗಲ್ಲ. ಕೂತರೆ ಮಡಚುತ್ತದೆ, ನಡೆದರೆ ಅಲುಗಾಡುತ್ತದೆ, ಗುಂಡಿ ಎಷ್ಟು, ಜೇಬು ಎಲ್ಲಿ ಎಂದು ಕಾಣುತ್ತದೆ. ಹೊಲಿಸಬಹುದು ಅನ್ನುವ ಆಸೆ ಹುಟ್ಟಿದ್ದು ಅಲ್ಲಿ.

ಚಿತ್ರ ನೋಡಿ ಹೊಲಿಯೋದು ಹ್ಯಾಂಗ?

ಕೋಟು ಹೊಲಿಯುವುದು ಅಂಗಿ ಹೊಲಿದಂತಲ್ಲ. ಎಲ್ಲ ಟೇಲರ್‌ಗಳೂ ಕೋಟಿಗೆ ಕೈ ಹಾಕುವುದಿಲ್ಲ. ಅಂಗಿ, ಪ್ಯಾಂಟು ಹೊಲಿಯುವವರು ನೂರು ಜನ ಸಿಕ್ಕರೆ ಕೋಟಿನ ಕೈ ಇದ್ದವರು ಬೆರಳೆಣಿಕೆಯಷ್ಟು.

ಮೊದಲ ಕೆಲಸ ಚಿತ್ರವನ್ನು ಓದುವುದು. ಗುಂಡಿ ಎರಡೋ ಮೂರೋ? ಕಾಲರ್ ಕೆಳಗೆ ಎದೆಯ ಮೇಲೆ ಮಡಚಿ ಬೀಳುವ ಪಟ್ಟಿ ಎಷ್ಟು ಅಗಲ? ಭುಜ ಎಲ್ಲಿ ಮುಗಿಯುತ್ತದೆ? ಕೋಟು ಸೊಂಟದ ಕೆಳಗೆ ಎಲ್ಲಿಯವರೆಗೆ ಬರುತ್ತದೆ? ಚಿತ್ರದಲ್ಲಿ ಅಳತೆ ಪಟ್ಟಿ ಇಡಲು ಬರುವುದಿಲ್ಲ. ಹಾಗಾಗಿ ನುರಿತವನು ಒಂದಕ್ಕೊಂದು ಹೋಲಿಸಿ ಲೆಕ್ಕ ಹಿಡಿಯುತ್ತಾನೆ. ಪಟ್ಟಿ ಎದೆಯ ಅರ್ಧಕ್ಕೆ ಬಂದಿದೆಯೇ, ಇನ್ನೂ ಕಿರಿದೇ, ಮೇಲಿನ ಗುಂಡಿ ಹೊಕ್ಕುಳಿನ ಮೇಲೋ ಕೆಳಗೋ, ಹೀಗೆ.

ಎರಡನೆಯದು ಹುಡುಗನ ಮೈ ಅಳತೆ. ದೊಡ್ಡವರ ಕೋಟಿನ ಕಾಗದದ ನಮೂನೆಯನ್ನು ಹಾಗೆಯೇ ಸಣ್ಣದು ಮಾಡಿದರೆ ಕೋಟು ಆಗುವುದಿಲ್ಲ. ಎಂಟು ವರ್ಷದ ಹುಡುಗನಿಗೆ ತಲೆ ದೊಡ್ಡದು, ಭುಜ ಚಿಕ್ಕದು, ಹೊಟ್ಟೆ ಸ್ವಲ್ಪ ಮುಂದೆ. ಎದೆಯ ಪಟ್ಟಿ ಇನ್ನೂ ಕಿರಿದು ಮಾಡಬೇಕು, ಭುಜದೊಳಗಿನ ಪ್ಯಾಡು ತೆಳುವಾಗಬೇಕು. ಇಲ್ಲದಿದ್ದರೆ ಅಪ್ಪನ ಕೋಟು ಮಗ ಹಾಕಿಕೊಂಡಂತೆ ಕಾಣುತ್ತದೆ. ದೊಡ್ಡವರ ಕೋಟಿಗೆ ದೊಡ್ಡ ಪನ್ನದ ಬಟ್ಟೆ ಸುಮಾರು ಎರಡು ಮೀಟರ್ ಬೇಕು. ಹುಡುಗನಿಗೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಬಟ್ಟೆ ಅರ್ಧವಾಯಿತೆಂದು ದುಡಿಮೆ ಅರ್ಧವಾಗುವುದಿಲ್ಲ. ತೋಳು ಎರಡೇ, ಜೇಬು ಅಷ್ಟೇ, ಕಾಜಾ ಅಷ್ಟೇ. ಸಣ್ಣ ಕೋಟಿನ ಒಳಗೆ ಕೈ ಹೋಗುವುದೇ ಕಷ್ಟ.

ಮೂರನೆಯದು ಹೊರಗೆ ಕಾಣದ ಕೆಲಸ. ಮೇಲ್ಬಟ್ಟೆಗೂ ಅಸ್ತರಿಗೂ ನಡುವೆ ಎದೆಯ ಭಾಗದಲ್ಲಿ ಕ್ಯಾನ್ವಾಸು ಕೂರಿಸುತ್ತಾರೆ. ಕೋಟಿಗೆ ಎದೆ ಬರುವುದು ಅದರಿಂದ. ಹಳೆಯ ಕೈಗಳು ಕ್ಯಾನ್ವಾಸನ್ನು ಸೂಜಿ ದಾರದಿಂದ ಸಡಿಲವಾಗಿ ಹೊಲಿದು ಕೂರಿಸುತ್ತಿದ್ದವು. ಈಗ ಹೆಚ್ಚಿನವರು ಇಸ್ತ್ರಿ ಶಾಖಕ್ಕೆ ಅಂಟಿಕೊಳ್ಳುವ ಅರಿವೆ ಹಾಕುತ್ತಾರೆ. ಅಂಟಿಸಿದ್ದು ಬೇಗ ಆಗುತ್ತದೆ. ನಾಲ್ಕು ಸಲ ಒಗೆದರೆ ಗುಳ್ಳೆ ಏಳುವುದೂ ಉಂಟು. ಕಚ್ಚಾ ಹೊಲಿಗೆ ಹಾಕಿ ಒಮ್ಮೆ ತೊಡಿಸಿ ನೋಡಿ, ಭುಜ ಸರಿಪಡಿಸಿ, ಆಮೇಲೆ ಪಕ್ಕಾ ಹೊಲಿಗೆ.

ಉಣ್ಣಿ ಎಲ್ಲಿಂದ ತರೋದು?

ಕೆಲವರು ಹಟ ಹಿಡಿಯುತ್ತಾರೆ: ಟೀವ್ಯಾಗಿಂದು ಉಣ್ಣೀದ ಕೋಟ್ ಇದ್ದಂಗ ಐತಿ, ಉಣ್ಣೀದ ಹೊಲೀರಿ. ಕೇಳುವುದರಲ್ಲಿ ತಪ್ಪಿಲ್ಲ. ಕೋಟು ಹುಟ್ಟಿದ್ದೇ ಉಣ್ಣೆಗೆ. ಉಣ್ಣೆಗೆ ಒಂದು ಗುಣ ಇದೆ: ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿ ಒತ್ತಿದರೆ ಬೇಕಾದ ಕಡೆ ಕುಗ್ಗುತ್ತದೆ, ಬೇಕಾದ ಕಡೆ ಹಿಗ್ಗುತ್ತದೆ, ಆರಿದ ಮೇಲೆ ಹಾಗೆಯೇ ನಿಲ್ಲುತ್ತದೆ. ಎದೆಯ ಉಬ್ಬು, ತೋಳಿನ ಬಾಗು ಬರುವುದು ಹೀಗೆ. ಪಾಲಿಯೆಸ್ಟರ್ ಮಾತು ಕೇಳುವುದಿಲ್ಲ. ಶಾಖ ಹೆಚ್ಚಾದರೆ ಹೊಳಪು ಹೊಡೆಯುತ್ತದೆ, ಇಲ್ಲವೇ ಸುಟ್ಟೇ ಹೋಗುತ್ತದೆ.

ಹಾಗಾದರೆ ನಮ್ಮಲ್ಲಿ ಉಣ್ಣೆ ಇಲ್ಲವೇ? ಇದೆ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋದವರು ಹೆಗಲ ಮೇಲೆ ಕರಿ ಕಂಬಳಿ ಹೊತ್ತ ಕುರಿಗಾರರನ್ನು ನೋಡಿಯೇ ಇರುತ್ತಾರೆ. ಅದು ದಖ್ಖನಿ ಕುರಿಯ ಉಣ್ಣೆ. ಗುಂಡಿ ಮಗ್ಗದಲ್ಲಿ ನೇಯ್ದು ಹುಣಸೆ ಬೀಜದ ಸರಿ ಹಚ್ಚಿದ ಕಂಬಳಿ ಮಳೆ ತಡೆಯುತ್ತದೆ, ಚಳಿ ತಡೆಯುತ್ತದೆ. ಆದರೆ ಆ ಎಳೆ ದಪ್ಪ, ಒರಟು, ಚುಚ್ಚುತ್ತದೆ. ಸೂಟಿನ ಬಟ್ಟೆಗೆ ಬೇಕಾದದ್ದು ಮೆರಿನೋ ಜಾತಿಯ ನಯವಾದ ಎಳೆ. ಮನೆ ಮುಂದೆ ಕುರಿ ಇದ್ದರೂ ಕೋಟಿನ ಉಣ್ಣೆ ಪರ ಊರಿಂದಲೇ ಬರಬೇಕು.

ಬಂದರೂ ಏಪ್ರಿಲ್ ಬಿಸಿಲಿಗೆ ಅದನ್ನು ತೊಡುವವರು ಯಾರು? ಅಥಣಿ, ಕಾಗವಾಡ ಕಡೆ ಆಗ ಡಾಂಬರು ರಸ್ತೆ ಕಾದ ಹಂಚಿನಂತಿರುತ್ತದೆ. ಹಾಗಾಗಿ ಟೇಲರ್ ಸಮಾಧಾನ ಹೇಳುತ್ತಾನೆ. ಟೆರಿವುಲ್ ತೆಳ್ಳಂದು ನೋಡ್ರಿ, ಇಲ್ಲಾ ಟೆರಿಕಾಟ್ ಸೂಟಿಂಗ್ ತಗೋರಿ, ಅಸ್ತರ ಅರ್ಧಕ್ಕ ಹಾಕೂಣು. ಬೆಲೆಯೂ ಕಡಿಮೆ, ಹುಡುಗನಿಗೂ ಹಗುರ. ಕೊನೆಗೆ ಹೆಚ್ಚಿನ ಕೋಟುಗಳು ಹೊಲಿಯುವುದು ಅದರಲ್ಲೇ.

ಬಣ್ಣದ ಮಾತೂ ಹಾಗೆಯೇ. ಟೀವಿಯಲ್ಲಿ ಬೂದು, ಕಂದು, ಕಪ್ಪು ಎಲ್ಲ ಬಣ್ಣದ ಕೋಟುಗಳನ್ನು ತೋರಿಸುತ್ತಾರೆ. ಅಂಗಡಿಯಲ್ಲಿ ಕೇಳುವುದು ಮಾತ್ರ ನೀಲಿ. ಬಾಬಾಸಾಹೇಬರ ಹೆಚ್ಚಿನ ಫೋಟೋಗಳು ಕಪ್ಪು ಬಿಳುಪು. ಅವರು ತೊಟ್ಟ ಕೋಟುಗಳಲ್ಲಿ ಕೆಲವು ನಾಗಪುರದ ಹತ್ತಿರ ಚಿಚೋಲಿಯ ವಸ್ತುಸಂಗ್ರಹಾಲಯದಲ್ಲಿ ಅವರ ಟೈಪ್‌ರೈಟರ್ ಜೊತೆಗೆ ಇವೆ. ನೀಲಿ ಅಂಟಿಕೊಂಡಿದ್ದು ಅವರು 1942ರಲ್ಲಿ ಕಟ್ಟಿದ ಪರಿಶಿಷ್ಟ ಜಾತಿಗಳ ಒಕ್ಕೂಟದ ಬಾವುಟದಿಂದ, ಆಮೇಲೆ ಊರೂರಿನ ಪುತ್ಥಳಿಗಳಿಂದ. ಜನ ಟೀವಿಯಿಂದ ಹೊಲಿಗೆ ತೆಗೆದುಕೊಂಡರು, ಬಾವುಟದಿಂದ ಬಣ್ಣ ತೆಗೆದುಕೊಂಡರು.

ರಾಯಬಾಗ ಮೇಲೆ ಹೋಗೋ ರೈಲು

ಈಗ ಕೋಟಿನ ಹಿಂದಿನ ಕಥೆಗೆ ಬರೋಣ. ರಾಯಬಾಗದಿಂದ ಕುಡಚಿ, ಮೀರಜ ದಾಟಿ ಪುಣೆ ಕಡೆ ರೈಲಿನಲ್ಲಿ ಹೋಗುವವರು ಕರಾಡ ಆದ ಮೇಲೆ ಮಸೂರು ಎಂಬ ಸಣ್ಣ ಸ್ಟೇಷನ್ ನೋಡಿರಬಹುದು. ಹೆಚ್ಚಿನ ಗಾಡಿಗಳು ಅಲ್ಲಿ ನಿಲ್ಲುವುದೂ ಇಲ್ಲ.

1901ರಲ್ಲಿ ಅದೇ ಸ್ಟೇಷನ್ನಿನಲ್ಲಿ ಒಂದು ಸಂಜೆ ನಾಲ್ಕು ಹುಡುಗರು ಇಳಿದರು. ಅವರಲ್ಲಿ ಒಬ್ಬ ಹತ್ತು ವರ್ಷದ ಭೀಮರಾವ್. ಕೋರೆಗಾಂವದಲ್ಲಿ ನೌಕರಿಯಲ್ಲಿದ್ದ ತಂದೆಯನ್ನು ನೋಡಲು ಸಾತಾರಾದಿಂದ ಹೊರಟಿದ್ದರು. ಪ್ರಯಾಣಕ್ಕೆಂದು ಹೊಸ ಅರಿವೆ ಹೊಲಿಸಿದ್ದರು. ಇಂಗ್ಲಿಷ್ ಮಾದರಿಯ ಅಂಗಿ, ಮಿರುಗುವ ಟೋಪಿ, ರೇಷ್ಮೆ ಅಂಚಿನ ಧೋತರ, ಹೊಸ ಬೂಟು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಸ್ಟೇಷನ್ ಮಾಸ್ತರು ಹತ್ತಿರ ಬಂದು ಕನಿಕರದಿಂದ ವಿಚಾರಿಸಿದರು. ಅರಿವೆ ನೋಡಿ ಬ್ರಾಹ್ಮಣರ ಮಕ್ಕಳೆಂದು ತಿಳಿದಿದ್ದರು.

ನೀವು ಯಾರು ಎಂಬ ಪ್ರಶ್ನೆಗೆ ಹುಡುಗ ಹಿಂದೆ ಮುಂದೆ ನೋಡದೆ ಖರೆ ಹೇಳಿಬಿಟ್ಟ. ಮಹಾರ ಎಂದ. ಮಾಸ್ತರರ ಮುಖ ಬದಲಾಯಿತು. ಅಲ್ಲಿಂದ ಸರಿದು ಹೋದರು. ಬಾಡಿಗೆ ಎತ್ತಿನ ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ್ದು ಎರಡು ಪಟ್ಟು ಬಾಡಿಗೆಗೆ, ಅದೂ ಹುಡುಗರೇ ಗಾಡಿ ಹೊಡೆಯಬೇಕು, ತಾನು ಜೊತೆಗೆ ನಡೆದು ಬರುತ್ತೇನೆ ಎಂಬ ಕರಾರಿನ ಮೇಲೆ. ಇದನ್ನು ಅಂಬೇಡ್ಕರರೇ ಮುಂದೆ ಬರೆದಿಟ್ಟಿದ್ದಾರೆ.

ಆ ಹೊಸ ಅರಿವೆ ಮಾನ ಕೊಟ್ಟಿದ್ದು ನಾಲ್ಕು ನಿಮಿಷ. ಜಾತಿ ತಿಳಿದ ಕೂಡಲೇ ಅರಿವೆಗೆ ಬೆಲೆ ಇಲ್ಲದಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಬಂದಾಗ ಅವರಿಗೆ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿ ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ಬಡಿಗೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಪರದೇಶದ ಡಿಗ್ರಿಯೂ ಅಂದು ಕಾಯಲಿಲ್ಲ.

ಹಾಗಾದರೆ ಅವರು ಕೋಟು ಬಿಟ್ಟರೇ? ಬಿಡಲಿಲ್ಲ. ಏಕೆಂದರೆ ಅಸ್ಪೃಶ್ಯನೆನಿಸಿಕೊಂಡವನು ಏನು ಉಡಬೇಕು, ಏನು ಉಡಬಾರದು ಎಂದು ಊರು ಕಾಯಿದೆ ಮಾಡುತ್ತಿದ್ದ ಕಾಲ ಅದು. 1928ರಲ್ಲಿ ಇಂದೋರ್ ಸಂಸ್ಥಾನದ ಹಳ್ಳಿಗಳಲ್ಲಿ ಬಲಾಯಿ ಜನರು ಜರಿ ಅಂಚಿನ ಪೇಟ ಸುತ್ತಬಾರದು, ಬಣ್ಣದ ಅಂಚಿನ ಧೋತರ ಉಡಬಾರದು, ಅವರ ಹೆಂಗಸರು ಬೆಳ್ಳಿ ಬಂಗಾರ ಇಡಬಾರದು ಎಂದು ಮೇಲಿನವರು ಅಪ್ಪಣೆ ಮಾಡಿದ್ದನ್ನು ಅಂಬೇಡ್ಕರರು 1936ರ ಜಾತಿ ವಿನಾಶದ ಭಾಷಣದಲ್ಲಿ ಎತ್ತಿ ತೋರಿಸಿದ್ದಾರೆ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಹೆಂಗಸರಿಗೆ ಅವರು ಹೇಳಿದ ಬುದ್ಧಿಯೂ ಇದೇ: ಸೀರೆ ಉಡುವ ರೀತಿಯಿಂದಲೇ ಜಾತಿ ಗುರುತಿಸುವಂತೆ ಇರಬೇಡಿ, ಸ್ವಚ್ಛವಾಗಿ ಉಡಿ, ಪಾದ ಮುಚ್ಚುವ ಹಾಗೆ ಉಡಿ.

ಅಂಥ ಕಾಲದಲ್ಲಿ ಕೋಟು ತೊಡುವುದು ಸೊಗಸಿಗಲ್ಲ. ಯಾರಪ್ಪಣೆಯೂ ಬೇಡ ಎಂದು ಹೇಳುವುದಕ್ಕೆ.

ನಮ್ಮ ಜಿಲ್ಲೆ ಕಂಡ ಇಬ್ಬರು

ಬೆಳಗಾವಿ ಜಿಲ್ಲೆಗೆ ಒಂದು ವಿಶೇಷ ಇದೆ. 1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರಾಗಿ ಬಂದರು. ಮೂರೂವರೆ ತಿಂಗಳು ಬಿಟ್ಟು, 1925ರ ಏಪ್ರಿಲ್‌ನಲ್ಲಿ, ನಿಪ್ಪಾಣಿಯಲ್ಲಿ ಮುಂಬೈ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತು ನಡೆಯಿತು. ಅದಕ್ಕೆ ಅಧ್ಯಕ್ಷರಾಗಿ ಬಂದವರು ಇನ್ನೂ 34 ತುಂಬದ ಬ್ಯಾರಿಸ್ಟರ್ ಅಂಬೇಡ್ಕರ್.

ಇಬ್ಬರೂ ಲಂಡನ್ನಿನಲ್ಲಿ ಕಾನೂನು ಓದಿದವರು, ಇಬ್ಬರೂ ಸೂಟು ತೊಟ್ಟವರು. ಗಾಂಧೀಜಿ 1921ರಲ್ಲಿ ಮದುರೆಯಲ್ಲಿ ಅಂಗಿಯನ್ನೂ ಬಿಟ್ಟು ತುಂಡು ಪಂಚೆ ಉಟ್ಟರು. ಅಂಬೇಡ್ಕರರು ಕೊನೆಯವರೆಗೂ ಕೋಟು ಬಿಡಲಿಲ್ಲ. ಇದರಲ್ಲಿ ಯಾರು ದೊಡ್ಡವರು ಎಂಬ ಜಗಳ ಬೇಡ. ಇದ್ದವನು ಬಿಡುವುದಕ್ಕೆ ಒಂದು ಅರ್ಥ. ಉಡಬೇಡ ಎಂದು ಹೇಳಿಸಿಕೊಂಡವನು ಉಡುವುದಕ್ಕೆ ಇನ್ನೊಂದು ಅರ್ಥ. ಬೆತ್ತಲೆ ಇರುವುದು ತಲೆಮಾರುಗಳಿಂದ ಗೊತ್ತಿದ್ದವನಿಗೆ ಇನ್ನೊಮ್ಮೆ ಬಿಚ್ಚು ಎಂದು ಹೇಳಲಾದೀತೇ?

ನಿಪ್ಪಾಣಿಯ ಪರಿಷತ್ತು ಒಂದು ದಿನದ ಜಾತ್ರೆ ಆಗಲಿಲ್ಲ. ಈ ಊರಿನ ಬಳವಂತರಾವ್ ವರಾಳೆ ಬಾಬಾಸಾಹೇಬರ ನಂಬಿಕೆಯ ಒಡನಾಡಿಯಾದರು. 1929ರಲ್ಲಿ ಬಾಬಾಸಾಹೇಬರು ಧಾರವಾಡದಲ್ಲಿ ಶುರುಮಾಡಿದ ವಿದ್ಯಾರ್ಥಿ ನಿಲಯದ ಹೊಣೆ ಹೊತ್ತರು. 1957ರ ಲೋಕಸಭಾ ಚುನಾವಣೆಯಲ್ಲಿ ಚಿಕ್ಕೋಡಿಯ ಮತದಾರರು ಬಾಬಾಸಾಹೇಬರ ಪಕ್ಷದ ಡಿ. ಎ. ಕಟ್ಟಿ ಅವರನ್ನು ಗೆಲ್ಲಿಸಿ ದಿಲ್ಲಿಗೆ ಕಳಿಸಿದರು. ಬಾಬಾಸಾಹೇಬರು ತೀರಿಕೊಂಡು ಆಗ ಕೆಲವೇ ತಿಂಗಳು.

ಬಳವಂತರಾವ್ ವರಾಳೆಯವರ ಮೊಮ್ಮಗ ಪ್ರಸನ್ನ ಬಿ. ವರಾಳೆ ಹುಟ್ಟಿದ್ದು 1962ರಲ್ಲಿ, ಇದೇ ನಿಪ್ಪಾಣಿಯಲ್ಲಿ. 2022ರ ಅಕ್ಟೋಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ಪ್ರಮಾಣ ವಚನ ತೆಗೆದುಕೊಂಡರು. ನಿಪ್ಪಾಣಿ ಪರಿಷತ್ತಿಗೆ 2025ರ ಏಪ್ರಿಲ್‌ಗೆ ನೂರು ವರ್ಷ ತುಂಬಿತು. ಆ ನೂರು ವರ್ಷದಲ್ಲಿ ಕೋಟು ಎಲ್ಲಿಂದ ಎಲ್ಲಿಗೆ ನಡೆಯಿತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ರೆಡಿಮೇಡ್ ಬಂತಲ್ಲ?

ಅಂಗಡಿಕಾರರು ಕೇಳಬಹುದು: ಈಗ ಪೇಟೆಯಲ್ಲಿ ವೇಷದ ರೆಡಿಮೇಡ್ ಸೆಟ್ಟು ಬಾಡಿಗೆಗೂ ಸಿಗುತ್ತದೆ, ಕೊಂಡರೂ ಅಗ್ಗ. ಕೋಟು, ಟೈ, ಕನ್ನಡಕ ಎಲ್ಲ ಒಂದೇ ಪೊಟ್ಟಣದಲ್ಲಿ. ಅದನ್ನು ಬಿಟ್ಟು ಟೇಲರ್ ಕಡೆ ಯಾಕೆ ಅಲೆಯುವುದು?

ಮಾತು ಖರೆ. ಆದರೆ ಆ ಸೆಟ್ಟಿನ ಕೋಟಿಗೆ ಕ್ಯಾನ್ವಾಸು ಇರುವುದಿಲ್ಲ, ಅಸ್ತರ ಇರುವುದಿಲ್ಲ, ಜೇಬು ಹೊಲಿಗೆಯ ಗೆರೆ ಮಾತ್ರ, ಕೈ ಒಳಗೆ ಹೋಗುವುದಿಲ್ಲ. ಒಂದು ಮಧ್ಯಾಹ್ನಕ್ಕೆ ಸಾಕು. ಹೊಲಿಸುವವನ ಲೆಕ್ಕ ಬೇರೆ. ಬೀಡಿ ಕಟ್ಟಿಯೋ, ಕಬ್ಬು ಕಡಿದೋ ಗಳಿಸಿದ ದುಡ್ಡಿನಲ್ಲಿ ಹೊಲಿಸುವ ಅಪ್ಪ ಅಮ್ಮಂದಿರೂ ಇದ್ದಾರೆ. ಅವರು ಮಗನಿಗೆ ಬಾಬಾಸಾಹೇಬರ ವೇಷ ಹಾಕಿಸುತ್ತಿಲ್ಲ. ಮಗನಿಗೆ ಒಂದು ಕೋಟು ಹೊಲಿಸುತ್ತಿದ್ದಾರೆ. ಅವರ ಮನೆಯಲ್ಲಿ ಅದೇ ಮೊದಲ ಕೋಟೂ ಆಗಿರಬಹುದು. ಟೇಪು ಹಿಡಿದು ಹುಡುಗನ ಎದೆ, ಬೆನ್ನು, ಭುಜ ಮುಟ್ಟಿ ಅಳತೆ ತೆಗೆಯುವುದಿದೆಯಲ್ಲ, ಅದನ್ನೂ ಮರೆಯಬಾರದು. ಮುಟ್ಟುವುದೇ ಮೈಲಿಗೆ ಎನ್ನುತ್ತಿದ್ದ ಕಾಲ ಅಜ್ಜಂದಿರ ನೆನಪಿನಲ್ಲಿ ಇನ್ನೂ ಇದೆ.

ಇದನ್ನು ಬಲ್ಲ ಟೇಲರ್ ಕೆಲಸದಲ್ಲಿ ಕಸರು ಉಳಿಸುವುದಿಲ್ಲ. ಜೇಬು ಖರೆ ಜೇಬೇ ಮಾಡುತ್ತಾನೆ. ಪೆನ್ನು ಇಟ್ಟರೆ ಬೀಳಬಾರದು. ಕಾಜಾ ಕೈಯಿಂದ ಹಾಕುತ್ತಾನೆ. ಕಾಲರ್ ಕುತ್ತಿಗೆಗೆ ಕೂರುವವರೆಗೆ ಇಸ್ತ್ರಿ ಬಿಡುವುದಿಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ಮಸೂರು ಸ್ಟೇಷನ್ನಿನಲ್ಲಿ ಹೊಸ ಅರಿವೆ ಒಂದೇ ಕಾಯಲಿಲ್ಲ ಎಂಬುದನ್ನು ಬಾಬಾಸಾಹೇಬರು ಹತ್ತು ವರ್ಷಕ್ಕೇ ಕಲಿತರು. ಪುತ್ಥಳಿಗಳಲ್ಲಿ ಕೋಟಿನ ಜೊತೆಗೆ ಕಂಕುಳಲ್ಲಿ ಪುಸ್ತಕವೂ ಇರುವುದು ಸುಮ್ಮನೆ ಅಲ್ಲ. ಹದಿನೈದನೆಯ ತಾರೀಕು ಕೋಟು ಟ್ರಂಕಿಗೆ ಹೋಗುತ್ತದೆ. ಪುಸ್ತಕವೂ ಅದರ ಜೊತೆಗೇ ಟ್ರಂಕಿಗೆ ಹೋದರೆ ಹೊಲಿಸಿದ ದುಡ್ಡು ದಂಡ. ಜೂನ್ ತಿಂಗಳಲ್ಲಿ ಆ ಹುಡುಗ ಶಾಲೆಯ ಬಾಗಿಲಲ್ಲಿ ನಿಂತಿರಬೇಕು. ಅವನ ಅಕ್ಕ ತಂಗಿಯರೂ ನಿಂತಿರಬೇಕು.

ಬೆಳೆಯುವ ಹುಡುಗರಿಗೆ ಹೊಲಿಯುವಾಗ ಟೇಲರ್‌ಗಳು ಹಳೆಯ ಒಂದು ಪದ್ಧತಿ ಬಿಟ್ಟಿಲ್ಲ. ತೋಳಿನ ತುದಿಯಲ್ಲಿ, ಬೆನ್ನಿನ ನಡು ಹೊಲಿಗೆಯಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೆ ಮಡಚಿ ಬಿಡುತ್ತಾರೆ. ಹೊರಗೆ ಕಾಣುವುದಿಲ್ಲ. ಮುಂದಿನ ಏಪ್ರಿಲ್‌ಗೆ ಹುಡುಗ ಬೆಳೆದಿದ್ದರೆ ಹೊಲಿಗೆ ಬಿಚ್ಚಿ ಉದ್ದ ಮಾಡಿ ಕೊಡುತ್ತಾರೆ. ಹುಡುಗ ಬೆಳಿತಾನ್ರಿ, ಮಾರ್ಜಿನ್ ಬಿಟ್ಟೇನಿ ಎಂದು ಹೇಳಿಯೇ ಕೋಟನ್ನು ಕೈಗೆ ಕೊಡುತ್ತಾರೆ.